ಎರಡು ಸಲ ತುಳಿ, ಹತ್ತು ಎಣಿಸು

ನಾಲ್ಕು ಮಡಿಕೆಯ ಬಿಳಿ ಬಟ್ಟೆ. ಅದರ ಒಂದು ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆ. ಮೂಗಿಗೆ ಹಿಡಿದರೆ ಈಗಲೂ ಪೆಟ್ರೋಲಿನ ವಾಸನೆ ಬರುತ್ತದೆಂದು ನಾನು ಹೇಳುತ್ತೇನೆ. ಬರೀ ಕರ್ಪೂರದ ವಾಸನೆ ಎನ್ನುತ್ತಾಳೆ ಸೋದರತ್ತೆ. ಅಜ್ಜಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು ಇದು. ಕೇಣಿಚಿರದ ಹತ್ತಿರ ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಹೊಸ ಮನೆ ಎದ್ದಿದೆ. ಅಜ್ಜ ಇಲ್ಲ, ಕಾರಿಲ್ಲ, ಕಾರು ನಿಲ್ಲುತ್ತಿದ್ದ ಹುಲ್ಲು ಮಾಡಿನ ಶೆಡ್ಡೂ ಇಲ್ಲ. ಉಳಿದದ್ದು ಈ ಬಟ್ಟೆ. ಏನನ್ನೂ ಎಸೆಯದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮದು ಎಂದೋ ಕನ್ನಡನಾಡಿನಿಂದ ಬಂದು ವಯನಾಡಿನಲ್ಲಿ ನೆಲೆಸಿದ ಜೈನರ ಮನೆ. ಅಜ್ಜಿ ಸೋಸದ ನೀರನ್ನು ಒಲೆಯ ಮೇಲಿಡುತ್ತಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ಬೇಯಬಾರದು. ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಬಿಡುತ್ತಿದ್ದರು. ಚಹಾ ತೋಟದ ಮ್ಯಾನೇಜರೊಬ್ಬರು ಊರು ಬಿಡುವಾಗ ಅಜ್ಜ ಅವರ ಹಳೆಯ ಕರಿ ಕಾರನ್ನು ಮನೆಗೆ ತಂದರು. ರೇಡಿಯೇಟರಿಗೆ ಹಾಕಿದ ನೀರೂ ಕುದಿಯುತ್ತದೆ ಎಂಬುದು ಅಜ್ಜಿಗೆ ಗೊತ್ತಾಗಲು ಎರಡು ದಿನ ಹಿಡಿಯಿತು. "ಸೋಸದೆ ಹಾಕಬೇಡಿ" ಎಂದರು. "ಇದು ಕುಡಿಯೋ ನೀರಲ್ಲ ಮಾರಾಯ್ತಿ" ಎಂದರು ಅಜ್ಜ. "ವಂಡಿ ಕುಡೀತದಲ್ಲ!" ಎಂದರು ಅಜ್ಜಿ. ಅಂದಿನಿಂದ ಕಾರಿಗೆ ಸೋಸಿದ ನೀರೇ. ಅಜ್ಜ ಸೇಡು ತೀರಿಸಿಕೊಳ್ಳುವವರಂತೆ ಒಂದು ದಿನ ಡಬ್ಬಿಯ ಪೆಟ್ರೋಲನ್ನೂ ಅದೇ ಬಟ್ಟೆಯಲ್ಲಿ ಸೋಸಿದರು. ಆಮೇಲೆ ಆ ಬಟ್ಟೆ ಅಡುಗೆಮನೆಗೆ ಬರಲಿಲ್ಲ, ಕಾರಿನದೇ ಆಯಿತು.

ಕಾರು ಹೊರಡುವ ಬೆಳಗುಗಳಲ್ಲಿ ಮನೆಯಲ್ಲಿ ಪೂಜೆಯ ಮೌನವಿರುತ್ತಿತ್ತು. ಮೊದಲು ಅಜ್ಜಿ ಬಂದು ಬಾನೆಟ್ಟನ್ನು ಬೆರಳಗೆಣ್ಣಿನಿಂದ ಮೂರು ಸಲ ತಟ್ಟಿ, ಒಳಗಿನ ಇರುವೆ ಹಲ್ಲಿಗಳಿಗೆ ಹೊರಬರಲು ಸಮಯ ಕೊಡುತ್ತಿದ್ದರು. ಅವು ಸಾವಕಾಶವಾಗಿ ಬರುವ ಜಾತಿ. ಅಜ್ಜಿ ಕಾಯುವ ಜಾತಿ. ಅಜ್ಜ ಸ್ಟಿಯರಿಂಗ್ ಹಿಡಿದು ಹಲ್ಲು ಕಡಿಯುತ್ತಿದ್ದರು. ನಂತರ ಚೋಕಿನ ಗುಂಡಿಯನ್ನು ಪೂರ್ತಿ ಎಳೆದು, ಪೆಟ್ರೋಲಿನ ಪೆಡಲನ್ನು ಎರಡು ಸಲ ತುಳಿದು, ಹತ್ತು ಎಣಿಸುವಷ್ಟು ಸುಮ್ಮನಿದ್ದು, ಕೀಲಿ ತಿರುಗಿಸಬೇಕು. "ಕಾರ್ಬೊರೇಟರ್ ಅಂದ್ರೆ ಅದರ ಗಂಟಲು, ಮೋಳೆ. ಚಳಿಗೆ ಒಣಗಿರ್ತದೆ. ಎರಡು ಗುಟುಕು ಪೆಟ್ರೋಲು ಸಾಕು. ಹೆಚ್ಚಾದ್ರೆ ಉಸಿರು ಕಟ್ತದೆ" ಎಂದು ಅಜ್ಜ ನನಗೆ ಪಾಠ ಹೇಳಿದ್ದರು. ಮಗಳೇ ಎನ್ನುವಲ್ಲಿ ಅವರು ಮಲಯಾಳದ ಮೋಳೆ ಎನ್ನುತ್ತಿದ್ದರು. ಅಪ್ಪ ಅಮ್ಮ ಬತ್ತೇರಿಯ ಅಂಗಡಿಯಲ್ಲಿ. ನಾನು ಅಜ್ಜನ ಮನೆಯಲ್ಲಿ, ಎಂಟು ವರ್ಷದವಳು. ಹತ್ತು ಎಣಿಸುವುದು ನನ್ನ ಕೆಲಸ. ಅಜ್ಜ ಎಣಿಸಿದರೆ ಆರರಿಂದ ಒಂಬತ್ತಕ್ಕೆ ಹಾರುತ್ತಾರೆ ಎಂದು ಅತ್ತೆಯೇ ನನಗೆ ಆ ಕೆಲಸ ಕೊಡಿಸಿದ್ದಳು.

ಅತ್ತೆ ಅಜ್ಜನ ಕಿರಿಯ ಮಗಳು. ರಾತ್ರಿ ನನ್ನ ಪಕ್ಕ ಮಲಗುತ್ತಿದ್ದವಳು, ಬೆಳಿಗ್ಗೆ ನನ್ನ ಜಡೆಯನ್ನು ಕಣ್ಣು ಮೇಲೇರುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದವಳು. ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಕಲ್ಪೆಟ್ಟದ ಹೊಸ ಕಚೇರಿಯೊಂದಕ್ಕೆ ಟೈಪಿಸ್ಟ್ ಬೇಕೆಂದು ಅತ್ತೆಗೆ ಸಂದರ್ಶನದ ಕಾಗದ ಬಂತು. ಜಿಲ್ಲೆಯಾದದ್ದಕ್ಕೆ ಸಿಹಿ ಹಂಚಿದ್ದ ಅಜ್ಜ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಹೋಗು ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಕಾರು ಹೊರಟ್ರೆ ಹೋಗೋಣ" ಎಂದರು. ಅತ್ತೆ ಬಸ್ಸಿಗೆ ಹೋಗುತ್ತೇನೆಂದರೆ, "ಕಾರಿರುವ ಮನೆಯ ಹುಡುಗಿ ಬಸ್ಸಿನಲ್ಲಾ?" ಎಂದರು.

ಆ ಬೆಳಿಗ್ಗೆ ಅತ್ತೆ ಗಂಜಿ ಹಾಕಿದ ಸೀರೆಯುಟ್ಟು ಮುರಿಯಬಾರದ ವಸ್ತುವಿನಂತೆ ನಿಂತಿದ್ದಳು. ಅಜ್ಜಿ ಬಾನೆಟ್ಟು ತಟ್ಟಲು ಬರಲಿಲ್ಲ. ಅಜ್ಜ ಕರೆದರೆ, "ಇವತ್ತು ಇರೋ ಜೀವಗಳೂ ಕಲ್ಪೆಟ್ಟ ನೋಡಿ ಬರ್ಲಿ, ನೀವು ಹೊರಡ್ಸಿ" ಎಂದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅಜ್ಜ ಚೋಕ್ ಎಳೆದರು, ತುಳಿದರು. ಮತ್ತೆ ತುಳಿದರು. ಆಮೇಲೂ ಪಾದ ನಿಲ್ಲಲಿಲ್ಲ. ಕೀಲಿ ತಿರುಗಿಸಿದರೆ ಇಂಜಿನ್ನು ನರಳಿ ಸುಮ್ಮನಾಯಿತು. ಅಂಗಳದ ತುಂಬ ಪೆಟ್ರೋಲಿನ ವಾಸನೆ. ಹಾಗೆ ತಿರುಗಿಸಿ ತಿರುಗಿಸಿ ಬ್ಯಾಟರಿಯೂ ಸೋತಿತು. ಏಳೂವರೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದು ಹೋಯಿತು. ಮುಂದಿನದರಲ್ಲಿ ಹೋದರೆ ಸಂದರ್ಶನ ಮುಗಿದಿರುತ್ತಿತ್ತು.

ಬೇಲಿಯಾಚೆಯಿಂದ ನೆರೆಮನೆಯ ಔಸೇಪ್ ಚೇಟ್ಟನ್ ಹಲ್ಲುಜ್ಜುತ್ತಲೇ ಕೇಳಿದರು, "ಎಂತಾ ಗೌಡರೆ, ವಂಡಿಗೆ ನಿದ್ದೆ ಬಿಡಲಿಲ್ವಾ?"

"ಇವತ್ತು ಅದಕ್ಕೆ ಮನಸ್ಸಿಲ್ಲ" ಎಂದರು ಅಜ್ಜ, ತುಸು ಬೇಗನೇ.

ಎಣಿಸುವುದು ನನ್ನ ಕೆಲಸವಾದ್ದರಿಂದ ನಾನು ಹೇಳಿದೆ: "ಅಜ್ಜ, ನೀವು ಏಳು ಸಲ ತುಳಿದ್ರಿ."

ಚೇಟ್ಟನ್ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅತ್ತೆ ಸೀರೆಯ ನೆರಿಗೆ ಎತ್ತಿ ಕಾರಿನ ಬಾಗಿಲು ತೆರೆದು, "ಅಪ್ಪ, ಇಳೀರಿ" ಎಂದಳು. ಅಂಗಳದಲ್ಲಿ ಕಾರನ್ನು ಹಿಂದೆ ಮುಂದೆ ಮಾಡಿದ್ದಷ್ಟೇ ಅವಳ ಅನುಭವ. ಅಜ್ಜ ಇಳಿದರು. ಅವಳು ಚೋಕ್ ಒಳಗೆ ತಳ್ಳಿ, ಕಟ್ಟಿದ ಉಸಿರಿಗೆ ಗಾಳಿಯಾಡಲೆಂದು ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದಳು. ಚೇಟ್ಟನ್ ಬೇಲಿ ಹಾರಿ ಬಂದರು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಲು ನಿಂತರು. ನೋಡುತ್ತಾ ನಿಲ್ಲುವುದು ಮರ್ಯಾದೆಯಲ್ಲವೆಂದು ಅಜ್ಜನೂ ಕೈ ಕೊಟ್ಟರು. ಕಾರು ಇಳಿಜಾರಿನಲ್ಲಿ ಉರುಳಿತು, ಅತ್ತೆ ಕ್ಲಚ್ ಬಿಟ್ಟಳು, ಒಂದು ಸಿಡಿತ, ಕರಿ ಹೊಗೆ; ಇಂಜಿನ್ನು ಎದ್ದು ಗರ್ಜಿಸಿತು. "ನಿಲ್ಲಿಸಬೇಡ! ನಿಲ್ಲಿಸಿದ್ರೆ ಸಾಯ್ತದೆ!" ಎಂದು ಕೂಗಿದವರು ಅಜ್ಜನೇ. ಕೂಗುತ್ತಲೇ ಪಂಚೆ ಹಿಡಿದು ಓಡಿ, ಗೇಟಿನ ಬಳಿ ಎಡಗಡೆಯ ಬಾಗಿಲಿನಿಂದ ಒಳಗೆ ಬಿದ್ದರು. ತಮ್ಮದೇ ಕಾರಿನಲ್ಲಿ ಅವರು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು.

ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆ ನಮ್ಮದು. ಇಬ್ಬರೂ ಅಷ್ಟರೊಳಗೆ ಬಂದರು. ಕೆಲಸ ಸಿಕ್ಕಿತ್ತು. ಕಚೇರಿಯಲ್ಲಿ ಕಾಗದಗಳು ರಾಶಿ ಬಿದ್ದಿವೆ, ನಾಳೆಯೇ ಬಂದು ಸೇರು ಎಂದಿದ್ದರಂತೆ. ಅಲ್ಲೇ ಇರಲು ಪರಿಚಯದವರ ಮನೆಯಲ್ಲಿ ಕೋಣೆಯೂ ಆಗಿತ್ತು. ಕೇಳಿ ಗೊತ್ತುಮಾಡಿದವರು ಅಜ್ಜ. ಊಟದ ನಡುವೆ ಅವರು ನನ್ನ ಕಡೆ ವಾಲಿ, "ಮೋಳೆ, ನಿನ್ನ ಲೆಕ್ಕ ತಪ್ಪು. ಏಳಲ್ಲ, ಆರು" ಎಂದರು.

"ಏಳು, ಅಜ್ಜ."

"ಆರು."

"ಎರಡು ತುಳಿಯೋ ಕಾಲಿಗೆ ಆರಾದ್ರೇನು, ಏಳಾದ್ರೇನು" ಎಂದರು ಅಜ್ಜಿ ಒಳಗಿನಿಂದ. ಅತ್ತೆ ನಕ್ಕಳು. ಅಜ್ಜ ನಗಲಿಲ್ಲ, ತಟ್ಟೆಯಂಚಿನ ಉಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದರು. ಊಟವಾದ ಮೇಲೆ ಅತ್ತೆ ಟ್ರಂಕಿಗೆ ಸೀರೆಗಳನ್ನು ಮಡಿಸಿಟ್ಟಳು. ನಮ್ಮಿಬ್ಬರದೂ ಆಗಿದ್ದ ಬಾಚಣಿಗೆಯನ್ನು ಟ್ರಂಕಿನಲ್ಲಿಟ್ಟು, ಮತ್ತೆ ತೆಗೆದು ನನ್ನ ದಿಂಬಿನ ಪಕ್ಕ ಇಟ್ಟಳು. ಅಜ್ಜ ಯಾಕೆ ತುಳಿಯುತ್ತಲೇ ಇದ್ದರೆಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಮಂಜಿನಲ್ಲಿ ಅಂಗಳ ದಾಟಿ ಶೆಡ್ಡಿಗೆ ಹೋದೆ. ಅಜ್ಜಿಯ ಪರವಾಗಿ ಬಾನೆಟ್ಟನ್ನು ಮೂರು ಸಲ ತಟ್ಟಿದೆ. ಅಜ್ಜ ಬಾವಿಯ ಹತ್ತಿರ ಕೆಮ್ಮುವ ಸದ್ದು ಕೇಳುವವರೆಗೆ ಕಾದು, ಕಾರಿನ ಬಾಗಿಲನ್ನು ಮೆಲ್ಲಗೆ ತೆರೆದು, ಸ್ಟಿಯರಿಂಗಿನ ಕೆಳಗೆ ಮಂಡಿಯೂರಿದೆ. ಕೂತರೆ ಕಾಲು ಎಟುಕುತ್ತಿರಲಿಲ್ಲ. ಎರಡೂ ಕೈಗಳಿಂದ ಪೆಡಲನ್ನು ಒತ್ತಿದೆ. ಮನಸ್ಸಿನಲ್ಲೇ ಎಣಿಸಿದೆ. ಆರಲ್ಲ, ಏಳು.