ಫುಟ್‌ಪಾತಿಗೆ ಬಂದ ಚಾಪೆ

ಬೊಂಬಾಯಿಯ ವಿಲೆ ಪಾರ್ಲೆ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ದೂಜ ತಟ್ಟೆ ತೊಳೆಯುತ್ತಿದ್ದ. ಅವನು ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ, ಚಂದ್ರನಿಗೆ ಹೋದವರು ಮೆಟ್ಟಿಲಿಳಿದೇ ವಾಪಸು ಬರಬಹುದಿತ್ತು. ಸೋಡಾ ನೀರಿನಲ್ಲಿ ನೆನೆದು ನೆನೆದು ಅವನ ಬೆರಳಸಂದುಗಳು ಕೊಳೆತಿದ್ದವು. ಅಡುಗೆಮನೆಗೆ ಫ್ಯಾನಿರಲಿಲ್ಲ; ಗಲ್ಲಾಪೆಟ್ಟಿಗೆಯ ಹಿಂದಿನ ದೇವರ ಪಟಕ್ಕೆ ಇತ್ತು. ಒಳಗಿನ ಸೆಕೆಗೆ ಹಿಟ್ಟು ಕಾವಲಿಗೆ ಬೀಳುವ ಮೊದಲೇ ಗಾಳಿಯಲ್ಲಿ ದೋಸೆಯಾಗುತ್ತಿತ್ತು.

ದಣಿ ಶೇಖರ, ದೂಜನ ಊರಿನವರೇ. "ನಾವೆಲ್ಲ ಒಂದೇ ಮನೆಯವರಲ್ವ?" ಎಂಬುದು ಅವರ ಮಂತ್ರ. ಚೆಂದದ ಮನೆ! ಹೋಟೆಲು ಮುಚ್ಚಿದ ಮೇಲೆ ಕೆಲಸದವರು ಮೇಜು ಜೋಡಿಸಿ ಚಾಪೆ ಹಾಸಬೇಕು. ಮೊದಲ ಲೋಕಲ್ ರೈಲಿನ ಸದ್ದಿಗೆ ಎದ್ದು, ಸುತ್ತಿ, ಅಟ್ಟಕ್ಕೆ ಎಸೆಯಬೇಕು. ಯಾರದಾದರೂ ಚಾಪೆ ಫುಟ್‌ಪಾತಿಗೆ ಬಂತೆಂದರೆ ಕೆಲಸವೂ ಹೋಯಿತು, ಸೂರೂ ಹೋಯಿತು. ಬಾಯಿಬಿಟ್ಟು ಹೇಳುವ ಶ್ರಮವನ್ನೂ ದಣಿ ತೆಗೆದುಕೊಳ್ಳುತ್ತಿರಲಿಲ್ಲ.

ಎಪ್ಪತ್ತಮೂರನೇ ಇಸವಿಯ ಒಂದು ಬೆಳಿಗ್ಗೆ ದೂಜ ಏಳಲಿಲ್ಲ. ಹಣೆಯ ಮೇಲೆ ಕಾಫಿ ಕಾಯಿಸುವಷ್ಟು ಜ್ವರ.

"ಗಿರಾಕಿ ಬರುವ ಹೊತ್ತಾಯ್ತು ಮಾರಾಯ. ಇದು ಹೋಟೆಲು, ಆಸ್ಪತ್ರೆ ಅಲ್ಲ," ಎಂದರು ದಣಿ.

"ಜ್ವರ ಬಿಡುವವರೆಗೆ ಒಂದು ಮೂಲೆ ಕೊಡಿ ದಣಿ. ಇಲ್ಲಿ ನಂಗೆ ಬೇರೆ ಯಾರುಂಟು?"

"ಊರಿಗೆ ಹೋಗಿ ಮಲಗು."

ಚಾಪೆಯನ್ನು ತಾವೇ ಸುತ್ತಿ ಹೊರಗಿಟ್ಟರು. ದೂಜ ಅದರ ಮೇಲೆ ನಡುಗುತ್ತ ಕುಳಿತ.

ದೋಸೆ ಹೊಯ್ಯುವ ಅಣ್ಣು ಇದನ್ನು ಕಂಡ. ವರ್ಷಕ್ಕೆ ನಾಲ್ಕು ಮಾತಾಡುವ ಆಸಾಮಿ, ಅದರಲ್ಲೂ ಮೂರು ಕಾವಲಿಯ ಜೊತೆ. ಅವನು ಸಟ್ಟುಗ ಕೆಳಗಿಟ್ಟ. ಅಟ್ಟದಿಂದ ತನ್ನ ಚಾಪೆ ಇಳಿಸಿ, ದೂಜನ ಪಕ್ಕದಲ್ಲಿ ಹಾಕಿ ಕುಳಿತ. ಹಿಟ್ಟು ರುಬ್ಬುವ ಪರಪ್ಪ, ಕಲಬುರ್ಗಿ ಕಡೆಯವ, ಮೊಣಕೈತನಕ ಹಿಟ್ಟಾಗಿಯೇ ಬಂದ. "ಸರಕೊಳ್ಳೋ ಅಣ್ಣು, ನಂದೂ ಹಾಸ್ತೀನಿ." ಹಿಂದೆಯೇ ಸಪ್ಲಾಯರುಗಳು, ಚಹಾದವ. ಚಾಪೆಗಳ ಸಾಲು ಮುಂದಿನ ಸ್ಟೇಷನ್ ಸಾಂತಾಕ್ರೂಜ್ ಮುಟ್ಟಿತ್ತೆಂದು ಹೇಳುವವರಿದ್ದಾರೆ. ಅದು ಉತ್ಪ್ರೇಕ್ಷೆ, ಸ್ವಲ್ಪ ಈಚೆಗೇ ನಿಂತಿತ್ತು.

ಒಳಗೆ ಗಿರಾಕಿಗಳು "ಅರೆ ಭಾಯ್, ಚಾಯ್!" ಎಂದು ಮೇಜು ಬಡಿಯುತ್ತಿದ್ದರು. ದಣಿ ತಾವೇ ದೋಸೆ ಹೊಯ್ದರು. ಅದನ್ನು ಮುರಿಯಲು ಗರಗಸ ಬೇಕಾಯಿತು. ಕೊನೆಗೆ ಹೊರಗೆ ಬಂದರು.

"ಎಂತದು ಅಣ್ಣು ಇದು? ಒಂದೇ ಮನೆಯವರು ಹೀಗೆ ಮಾನ ತೆಗೆಯುವುದಾ? ಆಯ್ತು, ಅವ ಅಟ್ಟದಲ್ಲಿ ಮಲಗಲಿ."

"ಜ್ವರದವ ಏಣಿ ಹತ್ತುದಿಲ್ಲ ದಣಿ. ಫ್ಯಾಮಿಲಿ ರೂಮಿನಲ್ಲಿ ಫ್ಯಾನುಂಟಲ್ಲ?"

"ಅದು ಹೆಂಗಸರು ಮಕ್ಕಳು ಕೂತು ತಿನ್ನುವ ಜಾಗ!"

"ಮನೆಯವ ಅಂತ ನೀವೇ ಹೇಳಿದ್ದಲ್ವ?"

ಪರಪ್ಪ ಸೇರಿಸಿದ: "ಮತ್ತ ಚಾಪಿ ಹೊರಗ ಇಟ್ಟವ್ರು ನೀವು ಮಾಲಕ್ರ. ಒಳಗೂ ನೀವ ತರ್ರಿ."

ದಣಿ ಚಾಪೆಯ ಸುರುಳಿ ಹೊತ್ತರು. ಇಷ್ಟು ವರ್ಷ ದೂಜನ ರಕ್ತ ಕುಡಿದು ಕೊಬ್ಬಿದ್ದ ತಿಗಣೆಗಳು, ತಮ್ಮದೇ ಕಸುಬಿನ ಇನ್ನೊಬ್ಬರು ಸಿಕ್ಕ ಖುಷಿಯಲ್ಲಿ, ಅವರ ಕಾಲರಿನೊಳಗೆ ಇಳಿದವು.

ಜ್ವರ ಬಿಡುವವರೆಗೂ ದೂಜ ಫ್ಯಾನಿನ ಕೆಳಗೆ ಮಲಗಿದ. ಆಮೇಲೆ ತಟ್ಟೆ ತೊಳೆಯುವ ಅದೇ ಮೋರಿ, ಅದೇ ಸೋಡಾ ನೀರು. ಯಾರ ಚಾಪೆಯೂ ಮತ್ತೆ ಹೊರಗೆ ಬರಲಿಲ್ಲ. ಅಡುಗೆಮನೆಗೆ ಫ್ಯಾನು ಬಂತೇ? ದೇವರ ಪಟಕ್ಕೆ ಇನ್ನೊಂದು ಬಂತು.