ತಂಗಿಯ ಹೆಸರಿನ ಹಾಸಿಗೆ

ಜಗಳೂರು ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ದುರುಗಕ್ಕನ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿಯ ಗಾಡಿಗೆ ಬೋರ್ಡು ಇರಲಿಲ್ಲ. ಬಾಣಲೆಯ ಮೇಲೆ ಚಾಚಿದ ಅವಳ ಬಲ ಮುಂಗೈಯೇ ಬೋರ್ಡು. ಅದರ ಮೇಲೆ ಹಸಿರು ಹಚ್ಚೆಯಲ್ಲಿ ಅವಳ ಹೆಸರು ದಪ್ಪವಾಗಿ ಕೂತಿತ್ತು. ಹುಡುಗಿಯಾಗಿದ್ದಾಗ ಸಂತೆಯಲ್ಲಿ ಹಚ್ಚೆಯವನ ಮುಂದೆ ಕುಳಿತು ಅವಳು ಕೇಳಿದ್ದು ಚೇಳಿನ ಚಿತ್ರವನ್ನು. ತಂದೆ ಬಿಡಲಿಲ್ಲ. "ಚೇಳು ಯಾಕೆ? ಹೆಸ್ರು ಹಾಕಿಸ್ಕೊ. ಎಲ್ಲಾದ್ರೂ ಕಳ್ದೋದ್ರೆ ಯಾರಾದ್ರೂ ಓದಿ ತಂದು ಬಿಡ್ತಾರೆ" ಎಂದಿದ್ದ. ತಂಗಿ ಉಷಾರಾಣಿ ಯಂತ್ರದ ಸದ್ದಿಗೇ ಹೆದರಿ ತಂದೆಯ ಪಂಚೆಯ ಹಿಂದೆ ಅಡಗಿದಳು. ಹೀಗಾಗಿ ಅಕ್ಕನ ಕೈಗೆ ಹೆಸರು ಬಂತು, ತಂಗಿಯ ಕೈ ಖಾಲಿ ಉಳಿಯಿತು. ಉಳಿದಂತೆ ಮೂಗು, ಗಲ್ಲ, ನಡೆಯುವಾಗ ತುಸು ಎಡಕ್ಕೆ ವಾಲುವ ರೀತಿ, ಎಲ್ಲವೂ ಒಂದೇ ಅಚ್ಚಿನವು. ಉಷಾರಾಣಿಯನ್ನು ನ್ಯಾಮತಿ ತಾಲ್ಲೂಕಿನ ಸವಳಂಗಕ್ಕೆ ಕೊಟ್ಟ ಮೇಲೆ, ಅವಳು ತವರಿಗೆ ಬಂದಾಗಲೆಲ್ಲ ಜಗಳೂರಿನ ಗಿರಾಕಿಗಳು "ಇವತ್ತು ಗಾಡಿ ರಜವೇನಕ್ಕ?" ಎಂದು ಅವಳನ್ನು ಕೇಳುತ್ತಿದ್ದರು.

ದುರುಗಕ್ಕನ ಕಾಯಿಲೆ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಮಂಡಕ್ಕಿ ಚೀಲ, ಕಡಲೆಹಿಟ್ಟಿನ ಮೂಟೆ, ನೀರಿನ ಕೊಡ ಎತ್ತಿ ಎತ್ತಿ ಗರ್ಭಕೋಶ ಕೆಳಕ್ಕೆ ಜಾರಿತ್ತು. ಸೀರೆಯ ಒಳಗೆ ಹಳೆಯ ಬಟ್ಟೆಯನ್ನು ಮಡಿಸಿ ಬಿಗಿಯಾಗಿ ಕಟ್ಟಿಕೊಂಡು ಅವಳು ವರ್ಷಗಟ್ಟಲೆ ಬಾಣಲೆಯ ಮುಂದೆ ನಿಂತಳು. ಗಂಡ ಬದುಕಿದ್ದಾಗ ಅವನಿಗೂ ಹೇಳಿರಲಿಲ್ಲ. ಮಗ ಕೆಂಚೇಶನಿಗೆ ಹೇಳುವ ಮಾತೇ ಬರಲಿಲ್ಲ. ಒಂದು ದಿನ ಗಾಡಿಯ ಹಿಂದೆ ಕುಸಿದು ಕೂತವಳನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದಾಗ, ಅಲ್ಲಿನ ನರ್ಸು ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅವನಿಗೆ ವಿವರಿಸಿದಳು. ಕೆಂಚೇಶ ತಲೆ ಬಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಗರ್ಭಕೋಶ ತೆಗೆಯಬೇಕು, ದಾವಣಗೆರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ದಾವಣಗೆರೆಯ ಖಾಸಗಿ ಆಸ್ಪತ್ರೆಯವರು ಎಂಬತ್ತು ಸಾವಿರ ಹೇಳಿದರು. ಸರ್ಕಾರದ ಆರೋಗ್ಯ ಕಾರ್ಡು ಇದ್ದರೆ ಏನೂ ಕೊಡಬೇಕಾಗಿಲ್ಲ ಎಂದೂ ಹೇಳಿದರು. ಆ ಕಾರ್ಡಿಗೆ ಬಿಪಿಎಲ್ ಪಡಿತರ ಚೀಟಿ ಬೇಕು. ಅದು ದುರುಗಕ್ಕನ ಮನೆಯಲ್ಲಿ ಹಿಂದಿನ ವರ್ಷದವರೆಗೂ ಇತ್ತು. ಕೆಂಚೇಶ ಸರಕು ಸಾಗಿಸುವ ಗೂಡ್ಸ್ ಆಟೋ ಕೊಳ್ಳಲು ಸಾಲ ಕೇಳಿದಾಗ, ಯಾರೋ ಪರಿಚಯದವರು ಒಂದು ವರ್ಷದ ಆದಾಯ ತೆರಿಗೆ ಲೆಕ್ಕ ಸಲ್ಲಿಸಿದರೆ ಸಾಲ ಸಲೀಸು ಎಂದಿದ್ದರು. ಅವನು ಹಾಗೇ ಮಾಡಿದ. ಕಟ್ಟಬೇಕಾದ ತೆರಿಗೆ ಏನೂ ಇರಲಿಲ್ಲ, ಲೆಕ್ಕ ಕೊಟ್ಟದ್ದಷ್ಟೇ. ಸಾಲ ಸಿಕ್ಕಿತು, ಆಟೋ ಮನೆಗೆ ಬಂತು. ಕೆಲವು ತಿಂಗಳ ಬಳಿಕ ನ್ಯಾಯಬೆಲೆ ಅಂಗಡಿಯವನು "ನೀವು ತೆರಿಗೆ ಕಟ್ಟೋ ಸಾಹುಕಾರ್ರು ಕಣವ್ವ, ನಿಮ್ಮ ಹೆಸ್ರು ತೆಗ್ದವ್ರೆ" ಎಂದು ನಗುತ್ತ ವಾಪಸು ಕಳಿಸಿದ.

ಮಗ ಸುಮ್ಮನೆ ಕೂತಿರಲಿಲ್ಲ. ಕಾರ್ಡು ಹೋದ ಮೇಲೆ ಒಬ್ಬ ಏಜೆಂಟನನ್ನು ಹಿಡಿದು ಆರೋಗ್ಯ ವಿಮೆ ಮಾಡಿಸಿದ್ದ. ಈಗ ಅವನಿಗೇ ಫೋನು ಮಾಡಿದಾಗ ಏಜೆಂಟ್ ನಿಧಾನವಾಗಿ ಹೇಳಿದ: "ಗರ್ಭಕೋಶದ ಆಪರೇಷನ್‌ಗೆ ಪಾಲಿಸಿ ಮಾಡಿಸಿ ಎರಡು ವರ್ಷ ಆಗಿರ್ಬೇಕು ಸರ್. ಅಲ್ಲಿವರೆಗೂ ಬರಲ್ಲ. ಬಾಂಡ್‌ನಲ್ಲಿ ಬರ್ದಿದೆ, ನೋಡಿ."

"ಅಲ್ಲಿವರ್ಗೂ ನಮ್ಮವ್ವ ಅದನ್ನ ಕಟ್ಕೊಂಡು ಓಡಾಡ್ಬೇಕೇನ್ರಿ?" ಎಂದು ಕೆಂಚೇಶ ಕೂಗಿದ. ದುರುಗಕ್ಕ ಒಳಗಿನಿಂದ ಕೇಳಿಸಿಕೊಂಡು, ಇಂಥ ಮಾತನ್ನು ಮಗನ ಬಾಯಲ್ಲಿ ಆಡಿಸಿದೆನಲ್ಲ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದಾರಿ ತೋರಿಸಿದ್ದು ಉಷಾರಾಣಿ. ಕೂಲಿಗೆ ಹೋಗುವ ಅವಳ ಮನೆಯಲ್ಲಿ ಬಿಪಿಎಲ್ ಚೀಟಿಯೂ ಇತ್ತು, ಆರೋಗ್ಯ ಕಾರ್ಡೂ ಇತ್ತು. ಅವಳು ಸವಳಂಗದಿಂದ ಬಸ್ಸು ಹತ್ತಿ ಬಂದು, ನೀರನ್ನೂ ಕುಡಿಯದೆ ಹೇಳಿದಳು: "ನನ್ನ ಕಾರ್ಡು ಟ್ರಂಕಿನಾಗೆ ಕೊಳೀತಾ ಐತೆ. ನಂಗೇನಾಗೈತೆ? ಗುಂಡುಕಲ್ಲಂಗಿದೀನಿ. ಹೆಬ್ಬೆಟ್ಟು ನಾನು ಒತ್ತುತೀನಿ, ಮಲಗಾದು ನೀನು ಮಲಕ್ಕೊ."

"ತಪ್ಪಲ್ವೇನೇ?"

"ತಪ್ಪೇ. ನಿನ್ನ ಮುಖ ನೋಡಿದ್ರೆ ನಂಗೇ ಯಾರೂಂತ ಗೊತ್ತಾಗಲ್ಲ, ಅವ್ರಿಗೆ ಗೊತ್ತಾಗ್ತೈತಾ?"

ಹಾಗೆಯೇ ನಡೆಯಿತು. ಆಸ್ಪತ್ರೆಯ ಕಾರ್ಡಿನ ಕೌಂಟರಿನಲ್ಲಿ ಉಷಾರಾಣಿ ಕುಳಿತು ಹೆಬ್ಬೆಟ್ಟು ಒತ್ತಿದಳು, ಫೋಟೋ ತೆಗೆಸಿಕೊಂಡಳು. ಆಮೇಲೆ ಅಕ್ಕತಂಗಿಯರು ಹೆಂಗಸರ ಶೌಚಾಲಯದಲ್ಲಿ ಸೀರೆ ಬದಲಿಸಿಕೊಂಡರು. ತಂಗಿಯ ಮಾಸಲು ನೇರಳೆ ಸೀರೆಯಲ್ಲಿ ಹೊರಬಂದ ದುರುಗಕ್ಕ ವಾರ್ಡಿನ ಹಾಸಿಗೆಯಲ್ಲಿ ಉಷಾರಾಣಿಯಾಗಿ ಮಲಗಿದಳು. ಹೆಸರು ಕೂಗಿದರೆ ತಡಮಾಡದೆ ಓಗೊಡಬೇಕೆಂದು ಹಿಂದಿನ ದಿನವಿಡೀ ತಂಗಿ ಅವಳಿಗೆ ಅಭ್ಯಾಸ ಮಾಡಿಸಿದ್ದಳು. ಅವಳು ರೊಟ್ಟಿ ತಟ್ಟುವಾಗ, ತಲೆ ಬಾಚುವಾಗ "ಉಷಾರಾಣಿ!" ಎಂದು ಹಿಂದಿನಿಂದ ಕೂಗುವುದು, "ಹ್ಞಾಂ, ನಾನೇ" ಎಂದು ಅವಳು ತಿರುಗುವುದು, ಇಬ್ಬರೂ ನಗುವುದು. ಅದು ಅವರಿಗೆ ಹುಡುಗಾಟದಂತೆಯೇ ಇತ್ತು.

ಇಬ್ಬರೂ ಮರೆತದ್ದು ಕೈ ಮೇಲಿನ ಹೆಸರನ್ನು. ಗ್ಲೂಕೋಸ್ ಏರಿಸಲು ಬಂದ ನರ್ಸು, ಎಡಗೈಯಲ್ಲಿ ನರ ಸಿಗದೆ, ಬಲಗೈ ಮೇಲಿದ್ದ ಸೆರಗನ್ನು ಸರಿಸಿದಳು.

"ದುರುಗಕ್ಕ. ಇದ್ಯಾರಮ್ಮ?"

ಉತ್ತರ ತಾನಾಗಿ ಬಂತು. "ನಮ್ಮಕ್ಕ."

"ಗಂಡನ ಹೆಸ್ರು ಹಾಕಿಸ್ಕೊಳ್ಳೋರನ್ನ ನೋಡಿದೀನಿ, ಮಕ್ಕಳ ಹೆಸ್ರು ನೋಡಿದೀನಿ. ಅಕ್ಕನ ಹೆಸ್ರು ಇದೇ ಮೊದ್ಲು. ಅಷ್ಟು ಒಳ್ಳೇರೇನಮ್ಮ ನಿಮ್ಮಕ್ಕ?"

ದುರುಗಕ್ಕ ಕಣ್ಣು ಮುಚ್ಚಿಕೊಂಡಳು. ನರ್ಸು ಅದನ್ನು ಸೂಜಿಯ ಭಯವೆಂದುಕೊಂಡು ಕೆನ್ನೆ ತಟ್ಟಿ ಹೋದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ದೇಹ ಹಗುರಾಯಿತು, ಗಾಡಿ ಮತ್ತೆ ನಿಲ್ದಾಣದ ಎದುರಿಗೆ ಬಂತು. ಆದರೆ ಗಿರಾಕಿಗಳು ಅವಳಲ್ಲಿ ಒಂದು ಬದಲಾವಣೆ ಕಂಡರು. ಬೆಂಕಿಯ ಮುಂದೆಯೂ ದುರುಗಕ್ಕ ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ತೋಳಿನ ಅಂಚು ಎಣ್ಣೆ ಸಿಡಿದು ಕರಕಲಾಗುತ್ತಿತ್ತು. ದಿನವೂ ಬರುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಗಿಡ್ಡಪ್ಪ ರೇಗಿಸಿದ: "ಏನವ್ವ, ಆಪರೇಷನ್ ಆದ್ಮೇಲೆ ಮೇಡಮ್ಮಾಗಿಬಿಟ್ಟೆ! ಹೆಸ್ರು ಮುಚ್ಚಿಕೊಂಡ್ರೆ ಗಾಡಿ ಯಾರ್ದು ಅಂತ ಹೆಂಗೆ ಗೊತ್ತಾಗ್ಬೇಕು?" ಎಲ್ಲರೂ ನಕ್ಕರು. ಅವಳು ಅವನ ಪೊಟ್ಟಣಕ್ಕೆ ಒಂದು ಮೆಣಸಿನಕಾಯಿ ಹೆಚ್ಚು ಹಾಕಿ ಬಾಯಿ ಮುಚ್ಚಿಸಿದಳು.

ಮೂರು ವರ್ಷ ಕಳೆದವು. ಕಳೆದ ಮಳೆಗಾಲದ ಕೊನೆಯಲ್ಲಿ ಉಷಾರಾಣಿಯ ಮಗಳು ಅಕ್ಷಿತಾ ಗಾಡಿಯ ಮುಂದೆ ಬಂದು ನಿಂತಳು. ಹೊನ್ನಾಳಿಯ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದ ಹುಡುಗಿ, ಯಾವುದೋ ಪರೀಕ್ಷೆಗೆಂದು ಜಗಳೂರಿಗೆ ಬಂದಿದ್ದಳು. ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ದೊಡ್ಡವ್ವ, ಈ ಆಸ್ಪತ್ರೆಯವ್ರಿಗೆ ತಲೆ ಐತಾ? ಅವ್ವಂಗೆ ತಿಂಗಳಾನುಗಟ್ಲೆ ರಕ್ತ ಹೋಗ್ತಾ ಐತೆ. ಶಿವಮೊಗ್ಗಕ್ಕೆ ಕರ್ಕೊಂಡು ಹೋದೆ. ಸ್ಕ್ಯಾನ್‌ನಾಗೆ ಗಡ್ಡೆ ಐತೆ, ಗರ್ಭಕೋಶ ತೆಗೀಬೇಕು ಅಂದ್ರು. ಕಾರ್ಡು ಕೊಟ್ರೆ, ಇವ್ರ ಗರ್ಭಕೋಶ ಆಗ್ಲೇ ತೆಗ್ದಾಗೈತೆ, ದಾವಣಗೆರೆನಾಗೆ, ಅಂತಾನೆ ಕೌಂಟರಿನವ್ನು! ಸ್ಕ್ಯಾನ್‌ನಾಗೆ ಇರಾದು ಕಂಪ್ಯೂಟರಾಗೆ ಇಲ್ವಂತೆ. ಯಾರ್ದೋ ಬಿಲ್ಲನ್ನ ನಮ್ಮವ್ವನ ಹೆಸರಿಗೆ ಹಾಕಿ ತಿಂದವ್ರೆ ದೊಡ್ಡವ್ವ. ನಾನು ಕಂಪ್ಲೇಂಟ್ ಕೊಡ್ತೀನಿ ಅಂದ್ರೆ ಅವ್ವ ಬ್ಯಾಡ ಅಂತ ಅಳ್ತಾಳೆ. ಮನೆಗೆ ಹೋಗಿ ಮಾತ್ರೆ ನುಂಗ್ತೀನಿ ಅಂತಾಳೆ. ಯಾವ ಕಳ್ಳರೋ ಏನೋ, ಅವರ ಮನೆ ಹಾಳಾಗ!"

ಬಾಣಲೆಯಲ್ಲಿದ್ದ ಮೆಣಸಿನಕಾಯಿಗಳು ಕಪ್ಪಾಗುತ್ತಿದ್ದವು. ದುರುಗಕ್ಕ ಜಾಲರಿಯನ್ನು ಎತ್ತಿದ್ದಳು, ಆದರೆ ಎಣ್ಣೆಗೆ ಇಳಿಸಲಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಸುತ್ತಲೂ ಗಿರಾಕಿಗಳಿದ್ದರು ಎಂದು ಅವಳು ಆಮೇಲೆ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಆದರೆ ಅಕ್ಷಿತಾಳನ್ನು ಬಸ್ಸಿನವರೆಗೆ ಬಿಡಲು ಹೋದಾಗ ಸುತ್ತಲೂ ಯಾರೂ ಇರಲಿಲ್ಲ. ಆಗಲೂ ಅವಳು ಮೆಣಸಿನಕಾಯಿಯ ಪೊಟ್ಟಣ ಕೊಟ್ಟು ಹೇಳಿದ್ದು "ಬಿಸಿ ಇರುವಾಗ್ಲೇ ತಿನ್ನು" ಎಂದಷ್ಟೇ. ಪೊಟ್ಟಣ ಹಿಡಿದ ಹುಡುಗಿ ಕಿಟಕಿಯಿಂದ ಕೈ ಬೀಸಿದಳು.

ಎರಡು ದಿನ ಅವಳು ಗಾಡಿ ಹಾಕಲಿಲ್ಲ. ಮೂರನೆಯ ದಿನ ಬೆಳಗಿನ ಬಸ್ಸಿಗೆ ದುರುಗಕ್ಕ ಸವಳಂಗಕ್ಕೆ ಹೊರಟಳು. ತಂಗಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ತುಟಿ ಬಿಳಿಚಿಕೊಂಡಿತ್ತು. ಗುಂಡುಕಲ್ಲಿನಂತಿದ್ದ ಹೆಂಗಸು ಏಳಲು ಗೋಡೆ ಹಿಡಿದಳು.

"ಯಾರು ಹೇಳಿದ್ರು ನಿಂಗೆ? ಆ ಹುಡುಗಿನಾ? ಬಾಯಿ ಮುಚ್ಕೊಂಡಿರಲ್ಲ ಅದು."

"ನೀನ್ಯಾಕೆ ಹೇಳ್ಲಿಲ್ಲ ಉಷಾ?"

"ಹೇಳಿದ್ರೆ ಏನ್ಮಾಡ್ತಿದ್ದೆ? ತೆಗ್ದಿದ್ದನ್ನ ವಾಪಸ್ ಹಾಕಿಸ್ಕೊಳ್ತಿದ್ದಾ?" ಎಂದು ನಗಲು ಹೋಗಿ ಕೆಮ್ಮಿದಳು. "ಬೇರೆಯವ್ರನ್ನ ಮಲಗಿಸಿದ್ರೆ ಕೇಸಾಗ್ತೈತೆ ಅಂದ ಆ ಕೌಂಟರಿನ ಮನುಷ್ಯ. ನಿನ್ನ ಹೆಸ್ರು ಬಂದ್ರೆ ಕಷ್ಟ ಅಂತ ಸುಮ್ನೆ ಎದ್ದು ಬಂದೆ. ಬಿಡಕ್ಕ. ಇನ್ನೊಂದೆರಡು ವರ್ಷಕ್ಕೆ ಮುಟ್ಟು ನಿಂತ್ರೆ ಇದೂ ನಿಲ್ತೈತೆ."

ಅಡುಗೆಮನೆಯ ಬಾಗಿಲಲ್ಲಿ ಅಕ್ಷಿತಾ ನಿಂತಿದ್ದಳು. ಅವಳ ಕೈಯಲ್ಲಿ ಕಾಫಿಯ ಲೋಟವಿತ್ತು. ಅದನ್ನು ಅವಳು ಯಾರಿಗೂ ಕೊಡದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ಅವತ್ತು ಗಾಡಿ ಹತ್ರ ನಾನು ಬೈತಾ ಇದ್ನಲ್ಲ, ಆವಾಗ್ಲೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೆಣಸಿನಕಾಯಿ ಕೊಟ್ಟು ಕಳಿಸ್ದೆ."

ಉಷಾರಾಣಿ "ಏಯ್, ದೊಡ್ಡೋರ ಹತ್ರ ಹಿಂಗೆ ಮಾತಾಡ್ತಾರಾ?" ಎಂದು ಗದರಿದಳು. ಅಕ್ಷಿತಾ ಹಿತ್ತಿಲಿಗೆ ಹೋದಳು.

ಮರುದಿನ ಮೂವರೂ ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಕಾರ್ಡಿನ ಕೌಂಟರಿನಲ್ಲಿದ್ದ ರೇಣುಕಪ್ರಸಾದ್ ಎಂಬ ಸಿಬ್ಬಂದಿ ಉಷಾರಾಣಿಯನ್ನು ಗುರುತು ಹಿಡಿದು ಬೇಸರದ ಮುಖ ಮಾಡಿದ. ಹಿಂದೆ ಸಾಲು ಉದ್ದವಾಗಿತ್ತು. ದುರುಗಕ್ಕ ಮುಂದೆ ಬಂದಳು.

"ಅವತ್ತು ದಾವಣಗೆರೆನಾಗೆ ಮಲಗಿದ್ದು ಇವಳಲ್ಲ ಸಾ. ನಾನು."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಜೋರಾಗಿ ಹೇಳ್ಬೇಡ್ರಿ. ಅದು ಅಪರಾಧ ಗೊತ್ತೇನ್ರಿ? ನಿಮ್ಮ ಮೇಲೂ ಬರುತ್ತೆ, ಕಾರ್ಡು ಕೊಟ್ಟ ಇವ್ರ ಮೇಲೂ ಬರುತ್ತೆ."

"ಕಾರ್ಡು ನಾನು ಕೇಳಿ ಇಸ್ಕೊಂಡಿದ್ದು. ಇವಳದೇನೂ ಇಲ್ಲ." ಈ ಒಂದು ಮಾತು ಸುಳ್ಳು. ಉಷಾರಾಣಿ ಬಾಯಿ ತೆರೆದಾಗ ಅವಳು ಮೊಣಕೈಯಿಂದ ತಿವಿದಳು. "ಕಂಪ್ಯೂಟರಾಗೆ ಇವಳದ್ದು ಇವಳಿಗೆ ವಾಪಸ್ ಹಾಕ್ರಿ ಸಾ. ನಂದು ನನ್ನ ಹೆಸರಿಗೆ ಬರ್ಕೊಳ್ರಿ."

"ನೀವು ಯಾರು ಅನ್ನೋಕೆ ಏನಿದೆ?"

ಆಧಾರ್ ಕಾರ್ಡು ಚೀಲದಲ್ಲಿಯೇ ಇತ್ತು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಅದು ನೆನಪಾಗಲಿಲ್ಲ. ಕರಕಲಾದ ಅಂಚಿನ ರವಿಕೆ ತೋಳನ್ನು ಮೊಣಕೈವರೆಗೆ ಏರಿಸಿ ಕೈಯನ್ನು ಕೌಂಟರಿನ ಗಾಜಿನ ಮುಂದೆ ಚಾಚಿದಳು. ಸಾಲಿನಲ್ಲಿದ್ದವರು ಕತ್ತು ನೀಡಿ ಓದಿದರು. ಓದಲು ಬಾರದ ಮುದುಕಿಯೊಬ್ಬಳು ಪಕ್ಕದವಳನ್ನು "ಏನಂತೆ, ಏನು ಬರ್ದೈತೆ?" ಎಂದು ಕೇಳಿದಳು. ಪಕ್ಕದವಳು ಗಟ್ಟಿಯಾಗಿ ಓದಿ ಹೇಳಿದಳು.

ಹೇಳಿಕೆ ಬರೆಸಿಕೊಂಡರು. ವಿಚಾರಣೆ ಆಗಬೇಕು, ಹಳೆಯ ಬಿಲ್ಲಿನ ಹಣವನ್ನು ದುರುಗಕ್ಕ ತುಂಬಿಕೊಡಬೇಕು, ಆಮೇಲೆ ಉಷಾರಾಣಿಯ ದಾಖಲೆ ಸರಿಯಾಗಬಹುದು, ತಿಂಗಳುಗಳೇ ಹಿಡಿಯುತ್ತವೆ ಎಂದರು. ವೈದ್ಯೆ ಮಾತ್ರ, ಈ ರಕ್ತಸ್ರಾವ ತಿಂಗಳುಗಟ್ಟಲೆ ಕಾಯುವುದಿಲ್ಲ ಎಂದು ಖಚಿತವಾಗಿ ಹೇಳಿದರು. ಆ ಸಂಜೆ ಕೆಂಚೇಶ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ.

"ಆಟೋ ಮಾರ್ತೀನವ್ವ," ಎಂದ.

"ನಿನ್ನ ಅನ್ನ ಕಣೋ ಅದು."

"ಆ ಆಟೋಗೇ ಅಲ್ವೇನು ಕಾರ್ಡು ಹೋಗಿದ್ದು? ಅದೇ ಹೋಗ್ಲಿ. ಚಿಕ್ಕವ್ವನ್ನ ಮಲಗಿಸು."

ಆಟೋ ಮಾರಿದ ಹಣವನ್ನು ಆಸ್ಪತ್ರೆಗೆ ಕಟ್ಟಿದ ಮೇಲೆ ಉಷಾರಾಣಿಗೆ ಎರಡು ಬಾಟಲಿ ರಕ್ತ ಏರಿಸಿ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಆ ಬೆಳಿಗ್ಗೆ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಮೂವರೂ ಕೂತಿದ್ದರು. ಹಸಿರು ಗೌನಿನಲ್ಲಿ ಉಷಾರಾಣಿ ಚಿಕ್ಕ ಹುಡುಗಿಯಂತೆ ಕಾಣುತ್ತಿದ್ದಳು. ಅವಳ ಇನ್ನೊಂದು ಬದಿಗೆ ಅಕ್ಷಿತಾ ಕೂತಿದ್ದಳು. ಸವಳಂಗದಲ್ಲಿ ಹಿತ್ತಿಲಿಗೆ ಹೋದಾಗಿನಿಂದ ಅವಳು ದುರುಗಕ್ಕನನ್ನು ಒಮ್ಮೆಯೂ ದೊಡ್ಡವ್ವ ಎಂದು ಕರೆದಿರಲಿಲ್ಲ. ಊಟ ತಂದುಕೊಟ್ಟಿದ್ದಳು, ಔಷಧದ ಚೀಟಿ ಓದಿ ಹೇಳಿದ್ದಳು, ಎಲ್ಲವೂ ಕರೆಯದೆಯೇ.

ಬಾಗಿಲು ತೆರೆದು ನರ್ಸು ಕೂಗಿದಳು. "ಉಷಾರಾಣಿ!"

"ಹ್ಞಾಂ, ನಾನೇ" ಎಂದು ದುರುಗಕ್ಕ ಎದ್ದು ನಿಂತಳು.

ಎದ್ದ ಮೇಲೆ ತಿಳಿಯಿತು. ಬೆಂಚಿನಲ್ಲಿದ್ದ ಪರವೂರಿನವರಿಬ್ಬರು ಅವಳ ಸೀರೆಯನ್ನೂ ಪಕ್ಕದವಳ ಗೌನನ್ನೂ ನೋಡಿ ನಕ್ಕರು. ನರ್ಸು ಗೊಂದಲದಿಂದ ಕೈಯಲ್ಲಿದ್ದ ಕಾಗದವನ್ನು ಮತ್ತೆ ನೋಡಿದಳು. ಉಷಾರಾಣಿ ಅಕ್ಕನ ಸೆರಗನ್ನು ಹಿಡಿದು ಕೆಳಕ್ಕೆ ಎಳೆದಳು.

"ಕೂತ್ಕೊ ಅಕ್ಕ. ಈ ಸಲ ನಂದು."

ಅವಳು ತನ್ನ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು, ಬೇಕೆಂದೇ ಮಗಳ ಕೈಗೆ ಕೊಡದೆ ಅಕ್ಕನ ಮಡಿಲಿಗೆ ಹಾಕಿ, ತುಸು ಎಡಕ್ಕೆ ವಾಲುತ್ತ ಒಳಗೆ ನಡೆದಳು. ಬಾಗಿಲು ಮುಚ್ಚಿತು. ದುರುಗಕ್ಕ ಬಳೆಗಳನ್ನು ಎಡಗೈಯಿಂದ ಒಟ್ಟುಗೂಡಿಸಿ ಹಿಡಿದಳು. ಬಲಗೈಯ ರವಿಕೆ ತೋಳು ಮೇಲಕ್ಕೇ ಸರಿದಿತ್ತು. ಅಕ್ಷಿತಾ ಒಮ್ಮೆ ಆ ಹೆಸರನ್ನು ನೋಡಿದಳು, ಆಮೇಲೆ ಮುಚ್ಚಿದ ಬಾಗಿಲನ್ನು ನೋಡಿದಳು. ದುರುಗಕ್ಕ ತೋಳನ್ನು ಇಳಿಸಿಕೊಳ್ಳಲಿಲ್ಲ. ಹುಡುಗಿ ನೋಡುವಷ್ಟು ಹೊತ್ತು ನೋಡಲಿ ಎಂದು ಕೈಯನ್ನು ಮಡಿಲಲ್ಲಿ ಹಾಗೇ ತೆರೆದಿಟ್ಟುಕೊಂಡು, ತಲೆ ಎತ್ತದೆ ಕೂತಳು.