ಹಾಡಿನ ಕೆಳಗಿನ ದನಿ

ಮೊನ್ನೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಪಕ್ಕದವರು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಮಗನ ಮದುವೆಯ ವಿಡಿಯೊ ಅವರ ಟೀವಿಯಲ್ಲಿ ಬರುತ್ತಿಲ್ಲವಂತೆ. ನಮ್ಮದಕ್ಕೆ ಚುಚ್ಚಿದೆ. ‘ಈ ಫಾರ್ಮ್ಯಾಟ್ ತೆರೆಯಲಾಗದು’ ಎಂದಿತು ಟೀವಿ. ಅವರು ನಕ್ಕು, ಕಾಫಿ ಕುಡಿದು ಹೋದರು. ನನಗೆ ನಗು ಬರಲಿಲ್ಲ. ಆ ಸಾಲನ್ನು ನಾನು ಹಿಂದೊಮ್ಮೆ ಓದಿದ್ದೇನೆ.

ಮದುವೆ ವಿಡಿಯೊ ಹೇಗಿರುತ್ತದೆಂದು ನಿಮಗೂ ಗೊತ್ತು. ಗುಬ್ಬಿಯದಾಗಲಿ ಕುಣಿಗಲ್ಲಿನದಾಗಲಿ, ಛತ್ರ ಬೇರೆ, ಹಾಡುಗಳು ಅವೇ. ತಾಳಿಗೊಂದು, ಊಟದ ಪಂಕ್ತಿಗೊಂದು, ಹೆಣ್ಣು ಕಳಿಸುವಾಗ ಗ್ಯಾರಂಟಿ ಅಳಿಸುವಂಥದ್ದೊಂದು. ನನ್ನ ಅಕ್ಕನ ಮದುವೆಯ ವಿಡಿಯೊದಲ್ಲಿ ನಾನು ಸಾಂಬಾರಿನ ಬಕೆಟ್ಟು ಹಿಡಿದು, ಯುದ್ಧ ಗೆದ್ದವನ ಹಾಗೆ ಸ್ಲೋಮೋಷನ್ನಿನಲ್ಲಿ ನಡೆದು ಬರುತ್ತೇನೆ. ಅದನ್ನು ನೋಡಿದಾಗಲೆಲ್ಲ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷ ಜಾಂಡೀಸ್ ಬಂದು ಅಕ್ಕ ಹೋಗಿಬಿಟ್ಟಳು. ಕೊನೆಯ ದಿನಗಳಲ್ಲಿ ಅಮ್ಮನನ್ನು ಐಸಿಯು ಒಳಗೆ ಬಿಡಲಿಲ್ಲ. ಮಗಳು ನೀರು ಕೇಳಿದಳೋ, ಯಾರನ್ನು ಕರೆದಳೋ, ಬಾಗಿಲಾಚೆ ಕೂತಿದ್ದ ಅಮ್ಮನಿಗೆ ತಿಳಿಯಲೇ ಇಲ್ಲ.

ಕೆಲವು ತಿಂಗಳಾದ ಮೇಲೆ ಅಮ್ಮ ವಿಡಿಯೊ ಹಾಕು ಎಂದಳು. ಮುಗಿಯುವವರೆಗೂ ನೋಡಿ, “ಇದ್ರಲ್ಲಿ ಅವ್ಳ ದನಿ ಎಲ್ಲೈತೆ? ಬರೀ ಹಾಡೇ ಅಲ್ವೇನ್ಲಾ?” ಎಂದಳು. ನಿಜ. ಅಕ್ಕ ಮಾತಾಡುತ್ತಾಳೆ, ನಗುತ್ತಾಳೆ, ಯಾರನ್ನೋ ಕೂಗುತ್ತಾಳೆ. ಎಲ್ಲದರ ಮೇಲೂ ಹಾಡು. ದಿನವೂ ಫೋನಿನಲ್ಲಿ ಮಾತಾಡುವವಳ ದನಿಯನ್ನು ಯಾರು ತುಂಬಿಟ್ಟುಕೊಳ್ಳುತ್ತಾರೆ? ನಾವೂ ಇಟ್ಟುಕೊಂಡಿರಲಿಲ್ಲ.

ವಿಡಿಯೊ ಮಾಡಿದ್ದ ನಯಾಜ್ ಅವರ ಸ್ಟುಡಿಯೊ ಗುಬ್ಬಿಯಲ್ಲಿತ್ತು. ಅಮ್ಮನನ್ನೂ ಕರೆದುಕೊಂಡು ಹೋದೆ. ಅವರು ಹಳೆಯ ಕಂಪ್ಯೂಟರ್ ಮಾರಿ ಹೊಸದು ತಂದಿದ್ದರು. ಅಕ್ಕನ ಮದುವೆಯ ಪ್ರಾಜೆಕ್ಟ್ ಹಾರ್ಡ್‌ಡಿಸ್ಕ್ ಒಂದರಲ್ಲಿ ಉಳಿದಿತ್ತು. ತೆರೆದರೆ ಪರದೆ ತುಂಬ ಕೆಂಪು ಚೌಕಗಳು.

“ಪ್ರಾಜೆಕ್ಟ್ ಅಂದ್ರೆ ಅಡುಗೆ ಹೆಂಗ್ ಮಾಡ್ಬೇಕು ಅಂತ ಬರ್ದಿರೋ ಚೀಟಿ ಇದ್ದಂಗೆ ಸಾರ್. ಅಕ್ಕಿ ಬೇಳೆ ಬೇರೆ ಕಡೆ ಇರ್ತವೆ,” ಎಂದು ನಯಾಜ್ ಒಂದೊಂದೇ ಫೈಲು ಹುಡುಕಿ ಜೋಡಿಸಿದರು. ಕೆಂಪು ಹೋಗಿ ಅಕ್ಕ ಬಂದಳು. ಬಾಯಿ ಆಡುತ್ತಿತ್ತು, ಸದ್ದಿಲ್ಲ.

“ವಾಲ್ಯೂಮ್ ಜಾಸ್ತಿ ಮಾಡಪ್ಪ,” ಎಂದಳು ಅಮ್ಮ.

ನಯಾಜ್ ಮೌಸ್ ಬಿಟ್ಟು ನಮ್ಮ ಕಡೆ ತಿರುಗಿದರು. ಕ್ಯಾಮೆರಾದ ಫೈಲುಗಳು ಹಳೆಯ ಕಂಪ್ಯೂಟರಿಗೆ ಭಾರವಾಗುತ್ತಿದ್ದವಂತೆ. ಅದಕ್ಕೇ ಅವನ್ನು ಹಗುರವಾದ ಫಾರ್ಮ್ಯಾಟಿಗೆ ಬದಲಾಯಿಸಿ, ಬದಲಾಯಿಸುವಾಗ ಧ್ವನಿಯನ್ನು ಬಿಟ್ಟು, ಮೂಲವನ್ನು ಅಳಿಸಿಬಿಡುವುದು ವಾಡಿಕೆ. “ಎಲ್ರೂ ಹಂಗೇ ಮಾಡೋದು ಸಾರ್. ಹೆಂಗೂ ಹಾಡು ಹಾಕ್ತೀವಲ್ಲ.” ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಹಾಡುಗಳನ್ನು ಕೂತು ಆರಿಸಿಕೊಟ್ಟವಳು ಅಕ್ಕನೇ. ಯಾರ ಮೇಲೆ ಕೂಗಾಡಲಿ?

ಒಂದು ಫೈಲು ಮಾತ್ರ ಹೇಗೋ ಕಣ್ತಪ್ಪಿ, ಕ್ಯಾಮೆರಾದಿಂದ ಬಂದ ಹಾಗೇ ಉಳಿದಿತ್ತು. ಅದನ್ನು ಒತ್ತಿದರೆ ಹೊಸ ಕಂಪ್ಯೂಟರ್, ‘ಈ ಫಾರ್ಮ್ಯಾಟ್ ತೆರೆಯಲಾಗದು’ ಎಂದಿತು. ನಯಾಜ್ ಏನೇನೋ ಸಾಫ್ಟ್‌ವೇರ್ ಇಳಿಸಿಕೊಂಡು ಸಂಜೆಯವರೆಗೆ ಒದ್ದಾಡಿದರು. ಚಿತ್ರ ಬರಲೇ ಇಲ್ಲ. ದನಿ ಬಂತು. ಕಪ್ಪು ಪರದೆಯ ಹಿಂದೆ ಛತ್ರದ ಗದ್ದಲ, ವಾಲಗ, ನಡುವೆ ನಯಾಜ್ ಅವರದೇ ಗಂಟಲು: “ಮೇಡಂ, ಮಾತಾಡ್ಬೇಡಿ. ಇಲ್ಲಿ ನೋಡಿ, ಸುಮ್ನೆ ಸ್ಮೈಲ್ ಮಾಡಿ.”

“ಹ್ಞೂಂ,” ಎಂದಳು ಅಕ್ಕ. ಆಮೇಲೆ, ಅವರು ಹೇಳಿದ ಹಾಗೆ, ಮಾತಾಡಲೇ ಇಲ್ಲ.

ನಯಾಜ್ ನಮ್ಮ ಮುಖ ನೋಡದೆ ಎದ್ದು ಹೊರಗೆ ಹೋದರು. ಅವರು ಒಳಗೆ ಬಂದ ಮೇಲೆ ಅಮ್ಮ, “ಆ ‘ಹ್ಞೂಂ’ ಅಷ್ಟನ್ನೇ ನನ್ ಫೋನ್‌ಗೆ ಹಾಕ್ಕೊಡಪ್ಪ,” ಎಂದಳು.

ಮೊನ್ನೆ ಪಕ್ಕದವರು ಹೋದ ಮೇಲೆ ಲೋಟಗಳನ್ನು ಅಡುಗೆಮನೆಗೆ ತೆಗೆದುಕೊಂಡು ಹೋದೆ. ಅಮ್ಮ ನನಗೆ ಬೆನ್ನು ಮಾಡಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಫೋನು ಮಗ್ಗುಲಲ್ಲಿತ್ತು.

“ಊಟ ಆಯ್ತೇನೇ?” ಎಂದು ಕೇಳಿ ಅದರ ಮೇಲೆ ಬೆರಳಿಟ್ಟಳು.

“ಹ್ಞೂಂ.”

“ಚೆನ್ನಾಗಿದೀಯೇನೇ?”

“ಹ್ಞೂಂ.”

ವರ್ಷಗಳಿಂದ ಇದು ನಡೆದಿದೆ. ನಾನು ಕೇಳಿಸದವನ ಹಾಗೆ ಈಚೆಗೆ ಬಂದುಬಿಡುತ್ತಿದ್ದೆ. ಈ ಸಲ ಅಲ್ಲೇ ನಿಂತೆ.

“ಆಸ್ಪತ್ರೇಲಿ ನನ್ನ ಕೂಗಿದ್ಯೇನೇ?” ಎಂದಳು ಅಮ್ಮ.

ಬೆರಳು ಫೋನಿನವರೆಗೆ ಹೋಯಿತು. ಒತ್ತಲಿಲ್ಲ. ನಾನು ಲೋಟಗಳನ್ನು ಕೆಳಗಿಟ್ಟು, ಅವಳ ಪಕ್ಕದಲ್ಲಿ ಕೂತು, ಅವರೆಕಾಯಿಗೆ ಕೈ ಹಾಕಿದೆ.